ಸೋಮವಾರದ ರೊಟ್ಟಿ

ಮಾನ್ಯ ವಾಚಕ ಮಹಾಶಯರಲ್ಲಿ ಸವಿನಯ ವಿಜ್ಞಾಪನೆ. ಈ ಕಥೆಯ ಮನೆಯಲ್ಲಿ ಅಕ್ಕಿಗೆ ಕೊರತೆಯಿಲ್ಲ, ಜೋಳಕ್ಕೆ ಕೊರತೆಯಿಲ್ಲ. ಹಿತ್ತಿಲ ಕೊಟ್ಟಿಗೆಯಲ್ಲಿ ಹಿಂಡುವ ಎಮ್ಮೆಗಳಿವೆ, ಅಟ್ಟದ ಮೇಲೆ ಬೆಲ್ಲದ ಡಬ್ಬಿಯಿದೆ. ಹಾಗಿದ್ದೂ ಆ ಮನೆಯ ಹುಡುಗಿಯೊಬ್ಬಳ ಮೈಯಲ್ಲಿ ರಕ್ತ ಸಾಲದೆ ಹೋಯಿತು. ಅದು ಹೇಗೆಂದು ತಿಳಿಯುವ ಅಪೇಕ್ಷೆಯುಳ್ಳವರು ಮುಂದೆ ಓದಬಹುದು. ಕಡೆಯಲ್ಲಿ ಎಲ್ಲವೂ ನೇರ್ಪಾಗಲೇಬೇಕೆಂದು ಬಯಸುವವರು ಇಲ್ಲಿಯೇ ಪುಸ್ತಕವನ್ನು ಮಡಿಸಿಟ್ಟರೆ ಹೇಳುವವನ ಆಕ್ಷೇಪಣೆಯೇನೂ ಇಲ್ಲ.

ಮಲ್ಲಿಕಾರ್ಜುನಪ್ಪನವರ ಊರು ಶಿಕಾರಿಪುರದಿಂದ ಅಂಬ್ಲಿಗೊಳದ ಕಡೆಗೆ ಹೋಗುವ ದಾರಿಯಲ್ಲಿದೆ. ಕಾಲುವೆಯ ನೀರಿನಲ್ಲಿ ಭತ್ತ, ಶುಂಠಿ ಬೆಳೆದು ಸ್ವಲ್ಪ ಸ್ಥಿತಿವಂತವಾದ ಊರು. ವಾಣಿಶ್ರೀ ಆ ಮನೆಗೆ ಸೊರಬದಿಂದ ಸೊಸೆಯಾಗಿ ಬಂದವಳು. ಹದಿನಾರು ವರ್ಷ ಆ ಒಲೆಯ ಮುಂದೆ ಕುಳಿತು ರೊಟ್ಟಿ ತಟ್ಟಿದ್ದರೂ ಅತ್ತೆ ಅಕ್ಕನಾಗಮ್ಮನವರ ಬಾಯಲ್ಲಿ ಅವಳು ಇನ್ನೂ 'ಸೊರಬದೋಳು' ಆಗಿಯೇ ಉಳಿದಿದ್ದಳು.

ಹೋದ ಬೇಸಿಗೆಯಲ್ಲಿ ಮಲ್ಲಿಕಾರ್ಜುನಪ್ಪನವರು ಗದ್ದೆಯ ಬದುವಿನ ಮೇಲೆ ಲಕ್ವ ಹೊಡೆದು ಬಿದ್ದರು. ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೆ ಹೋದವು. ಆಸ್ಪತ್ರೆಯಿಂದ ತಂದು ಪಡಸಾಲೆಯ ಮಂಚದ ಮೇಲೆ ಮಲಗಿಸಿದ ದಿನವೇ ಅಕ್ಕನಾಗಮ್ಮನವರು ಈಶ್ವರನ ಗುಡಿಯಲ್ಲಿ ಹರಕೆ ಹೊತ್ತು ಬಂದರು. ಯಜಮಾನರು ತಮ್ಮ ಕಾಲ ಮೇಲೆ ಗುಡಿಗೆ ನಡೆದು ಬರುವವರೆಗೆ ಮನೆಯ ಹೆಣ್ಣುಮಗಳು ಪ್ರತಿ ಸೋಮವಾರ ಉಪವಾಸವಿರುತ್ತಾಳೆ. ಸಂಜೆ ಪೂಜೆಯಾದ ಮೇಲಷ್ಟೇ ಬಾಯಿಗೆ ಅನ್ನ. ಮನೆಯ ಹೆಣ್ಣುಮಗಳೆಂದರೆ ಸ್ಪಂದನ, ಊರಿನ ಸರ್ಕಾರಿ ಪ್ರೌಢಶಾಲೆಯ ಒಂಬತ್ತನೆಯ ತರಗತಿಯ ಹುಡುಗಿ.

"ಆ ಉಪವಾಸ ನಾನು ಮಾಡ್ತೀನಿ ಅತ್ತೆ. ಅವಳು ಬೆಳೆಯೋ ಹುಡುಗಿ," ಎಂದು ವಾಣಿಶ್ರೀ ಅಂದೇ ಹೇಳಿದ್ದಳು.

"ನೀನು ಸೊರಬದೋಳು. ನಿನ್ನ ಉಪವಾಸದ ಪುಣ್ಯ ನಿನ್ನ ತವರಿಗೆ ಹೋಗ್ತೈತೆ. ಯಜಮಾನ್ರ ರಕ್ತ ಅಂದ್ರೆ ನಿನ್ನ ಗಂಡ, ಅವನ್ನ ಬಿಟ್ರೆ ಈ ಹುಡುಗಿ. ಗಂಡಸು ಟ್ರ್ಯಾಕ್ಟರ್ ಮೇಲೆ ಕೂತು ಉಪವಾಸ ಇರಾಕಾಗ್ತದಾ?"

"ನೀವು..."

"ನಂಗೆ ಸಕ್ಕರೆ ಕಾಯಿಲೆ. ಹೊತ್ತೊತ್ತಿಗೆ ತಿನ್ನು ಅಂತ ಡಾಕ್ಟರು ಹೇಳ್ಯಾರೆ. ಇಲ್ದಿದ್ರೆ ನಿನ್ನ ಕೇಳ್ತಾ ಕೂರ್ತಿದ್ನಾ?" ಅಕ್ಕನಾಗಮ್ಮನವರು ಮೊಮ್ಮಗಳನ್ನು ಹತ್ತಿರ ಕರೆದು ಹಣೆಗೆ ವಿಭೂತಿ ಹಚ್ಚಿದರು. "ಇನ್ನೊಂದು ಮಾತು ಕೇಳು ಪುಟ್ಟಿ. ತೀರೋವರೆಗೂ ಹರಕೆ ಹೊರಗಿನೋರ ಕಿವಿಗೆ ಬೀಳಬಾರ್ದು. ಬಿದ್ರೆ ಕೆಡ್ತೈತೆ, ನಿಮ್ಮಜ್ಜ ಮಲಗಿದಲ್ಲೇ ಮಲಗ್ತಾರೆ. ಸ್ಕೂಲಲ್ಲಿ, ಗೆಳತೇರ ಹತ್ರ, ಯಾರ ಹತ್ರಾನೂ ಬೇಡ. ತಿಳೀತಾ?"

ಸ್ಪಂದನ ತಲೆಯಾಡಿಸಿದಳು. ಅಜ್ಜನೆಂದರೆ ಅವಳಿಗೆ ಪ್ರಾಣ.

ಶಾಲೆಯಲ್ಲಿಯಾದರೋ ಸೋಮವಾರವೆಂದರೆ ಉಣಿಸುವ ದಿನ. ಬೆಳಿಗ್ಗೆ ಪ್ರಾರ್ಥನೆ ಮುಗಿದೊಡನೆ ರಾಗಿ ಮಾಲ್ಟ್ ಬೆರೆಸಿದ ಬಿಸಿ ಹಾಲು. ಮಧ್ಯಾಹ್ನ ಅನ್ನ ಸಾಂಬಾರು, ಅದರ ಜೊತೆಗೆ ತಿನ್ನುವವರಿಗೆ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು. ಊಟವಾದ ಮೇಲೆ ಶೃತಿ ಮಿಸ್ಸು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರಿಗೂ ರಕ್ತ ಹೆಚ್ಚಿಸುವ ನೀಲಿ ಮಾತ್ರೆ ಕೊಟ್ಟು, ನುಂಗಿದರೋ ಇಲ್ಲವೋ ಎಂದು ನಾಲಗೆ ಎತ್ತಿಸಿ ನೋಡುತ್ತಿದ್ದರು. ಊಟಕ್ಕೆ ಬರದವರನ್ನು ಹುಡುಕಿಕೊಂಡು ಬರುವ ಸ್ವಭಾವ ಅವರದು. ಆದ್ದರಿಂದ ಸ್ಪಂದನ ಎಲ್ಲರಂತೆ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದಳು. ಬೆಳಗಿನ ಹಾಲನ್ನು ಕುಡಿದಂತೆ ಮಾಡಿ, ಮಧ್ಯಾಹ್ನದ ಅನ್ನವನ್ನು ಕಲಸಿ ಉಂಡಂತೆ ಮಾಡಿ, ಎರಡನ್ನೂ ಕೈತೊಳೆಯುವ ಕಡೆಯ ಬಾನಿಗೆ ಸುರಿಯುತ್ತಿದ್ದಳು. ಬಾಳೆಹಣ್ಣನ್ನು ಚೀಲದಲ್ಲಿಟ್ಟುಕೊಂಡು ಬಂದು ಅಜ್ಜನಿಗೆ ತಿನ್ನಿಸುತ್ತಿದ್ದಳು. ಮಾತ್ರೆಯೊಂದನ್ನು ಮಾತ್ರ ತಪ್ಪಿಸಿಕೊಳ್ಳಲು ಆಗುತ್ತಿರಲಿಲ್ಲ.

ಶಾಲೆ ಆರಂಭವಾದ ಹೊಸತರಲ್ಲಿ ಆರೋಗ್ಯ ಇಲಾಖೆಯವರು ಬೆರಳು ಚುಚ್ಚಿ ಪರೀಕ್ಷಿಸಿದಾಗ ಅವಳ ರಕ್ತ ತೀರ ಕಡಿಮೆ ಬಂದಿತ್ತು. ಮಿಸ್ಸು ಫೋನು ಮಾಡಿ ನಾಗರಾಜನಿಗೆ ತಿಳಿಸಿದರು. ನಾಗರಾಜ ಹುಡುಗಿಯ ತಂದೆಯಷ್ಟೇ ಅಲ್ಲ, ಶಾಲೆಯ ಎಸ್‌ಡಿಎಂಸಿಗೆ, ಎಂದರೆ ಪೋಷಕರ ಸಮಿತಿಗೆ, ಅಧ್ಯಕ್ಷನೂ ಹೌದು.

"ಅಧ್ಯಕ್ಷರ ಮಗಳಿಗೇ ರಕ್ತ ಇಲ್ಲ ಅಂದ್ರೆ ಊರೋರು ನಗಲ್ವೇನೇ? ಸೊಪ್ಪು ಹಾಕು ಅವಳಿಗೆ," ಎಂದ, ಊಟಕ್ಕೆ ಕುಳಿತಾಗ.

"ದಿನಾ ಹಾಕ್ತೀನ್ರೀ. ಸೋಮವಾರ ಯಾರು ಹಾಕ್ತಾರೆ?"

ನಾಗರಾಜ ರೊಟ್ಟಿಯಲ್ಲಿ ಪಲ್ಯ ಸುತ್ತಿ ದೊಡ್ಡ ತುತ್ತು ಮಾಡಿ ಬಾಯಿಗಿಟ್ಟುಕೊಂಡ. ಬಾಯಿ ತುಂಬಿದ್ದರಿಂದ ಉತ್ತರ ಹೇಳುವ ಪ್ರಮೇಯ ಬರಲಿಲ್ಲ.

ಆಷಾಢದ ಸೋಮವಾರಗಳು ಹೀಗೆ ಕಳೆದವು. ಸಂಜೆ ಶಾಲೆಯಿಂದ ಬಂದವಳೇ ಸ್ಪಂದನ ಪಡಸಾಲೆಯ ನೆಲದ ಮೇಲೆ ಉರುಳಿಕೊಳ್ಳುತ್ತಿದ್ದಳು. "ಮಾತ್ರೆ ನುಂಗಿದ ಮೇಲೆ ಹೊಟ್ಟೆ ತೊಳಸುತ್ತೆ ಅಮ್ಮ. ಕಣ್ಣ ಮುಂದೆ ಚುಕ್ಕಿ ಬರುತ್ತೆ."

ಒಂದು ಬೆಳಿಗ್ಗೆ ವಾಣಿಶ್ರೀ ಧೈರ್ಯ ಮಾಡಿ ಅತ್ತೆಯ ಮುಂದೆ ಉಪ್ಪಿಟ್ಟಿನ ತಟ್ಟೆ ಇಡುತ್ತಾ ಹೇಳಿದಳು. "ಆ ಮಾತ್ರೆ ಬರೀ ಹೊಟ್ಟೇಲಿ ನುಂಗಬಾರ್ದಂತೆ ಅತ್ತೆ. ಉಪವಾಸಾನ ಬೇರೆ ವಾರಕ್ಕೆ ಹಾಕ್ಕೊಂಡ್ರೆ?"

"ಈಶ್ವರನ ವಾರ ಯಾವ್ದು ಅಂತ ಸ್ಕೂಲೋರು ಹೇಳ್ತಾರೇನು?" ಅಕ್ಕನಾಗಮ್ಮನವರು ಉಪ್ಪಿಟ್ಟನ್ನು ಕಡೆಯ ಚೂರಿನವರೆಗೂ ತಿಂದು, ತಮ್ಮ ಸಕ್ಕರೆಯ ಮಾತ್ರೆಯನ್ನು ನಾಲಗೆಯ ಮೇಲಿಟ್ಟುಕೊಂಡು ನೀರು ಕುಡಿದರು. "ಒಂದು ಚೊಂಬು ನೀರು ಜಾಸ್ತಿ ಕುಡೀಲಿ. ಏನೂ ಆಗಲ್ಲ."

ಶ್ರಾವಣದ ಮೊದಲನೆಯ ಸೋಮವಾರ ಆಗಬಾರದ್ದು ಆಯಿತು. ಮಾತ್ರೆ ನುಂಗಿ ತರಗತಿಗೆ ಹೋದ ಸ್ಪಂದನ ಬಾಗಿಲಲ್ಲೇ ವಾಂತಿ ಮಾಡಿಕೊಂಡು, ಗೋಡೆ ಹಿಡಿಯಲು ಹೋಗಿ, ಕುಸಿದು ಬಿದ್ದಳು. ಅದನ್ನು ಕಂಡ ಹೆದರಿಕೆಗೆ ಇನ್ನಿಬ್ಬರು ಹುಡುಗಿಯರೂ ಕಕ್ಕಿದರು. ಯಾರೋ ವಿಡಿಯೋ ಮಾಡಿದರು. ಶೃತಿ ಮಿಸ್ಸು ಹುಡುಗಿಯನ್ನು ಆಟೋದಲ್ಲಿ ಮಲಗಿಸಿಕೊಂಡು ಶಿಕಾರಿಪುರದ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಆ ವಿಡಿಯೋ ಊರಿನ ಎಲ್ಲರ ಮೊಬೈಲಿಗೂ ಮುಟ್ಟಿತ್ತು.

ನಾಗರಾಜ ಹೆಂಡತಿಯನ್ನೂ ತಾಯಿಯನ್ನೂ ಕರೆದುಕೊಂಡು ಓಡಿಬಂದ. ಡಾಕ್ಟರು ಹುಡುಗಿಯ ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡಿ ಕೇಳಿದರು, "ಬೆಳಿಗ್ಗೆ ಏನು ತಿಂದಿದ್ಲಮ್ಮ?"

ವಾಣಿಶ್ರೀ ಬಾಯಿ ತೆರೆದಳು.

"ರೊಟ್ಟಿ ತಿಂದಾಳೆ," ಎಂದರು ಅಕ್ಕನಾಗಮ್ಮ. "ರೊಟ್ಟಿ, ಹೆಸರುಕಾಳಿನ ಪಲ್ಯ. ನಾನೇ ಬಡಿಸೀನಿ."

"ಮಧ್ಯಾಹ್ನ?"

"ಊಟ ಮಾಡಿಸಿಯೇ ಮಾತ್ರೆ ಕೊಟ್ಟಿದ್ದು ಸರ್. ತಟ್ಟೆ ನಾನೇ ನೋಡಿದ್ದೆ," ಎಂದರು ಶೃತಿ ಮಿಸ್ಸು.

ಡಾಕ್ಟರು ವಾಣಿಶ್ರೀಯ ಕಡೆ ತಿರುಗಿದರು. "ಹೌದೇನಮ್ಮ? ನೀವು ತಾಯಿ, ನೀವು ಹೇಳಿ."

ಹಾಸಿಗೆಯ ಮೇಲಿದ್ದ ಸ್ಪಂದನ ಕಣ್ಣು ಬಿಟ್ಟು ತಾಯಿಯ ಮುಖವನ್ನೇ ನೋಡುತ್ತಿದ್ದಳು. ವಾಣಿಶ್ರೀ ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಜಾರದಿದ್ದ ಸೆರಗನ್ನು ಸರಿಪಡಿಸಿಕೊಂಡಳು. ಡಾಕ್ಟರು ಅದನ್ನೇ ಒಪ್ಪಿಗೆಯೆಂದು ತಿಳಿದು ಬರೆದುಕೊಂಡರು.

ಹೊರಗೆ ಬಂದ ನಾಗರಾಜ ವರಾಂಡದಲ್ಲಿ ನೆರೆದಿದ್ದವರಿಗೆಲ್ಲ ಕೇಳುವಂತೆ ಗುಡುಗಿದ. "ಮಿಸ್ಸೇ, ಎರಡು ಹೊತ್ತು ಉಂಡ ಹುಡುಗಿ ಬೀಳ್ತಾಳೆ ಅಂದ್ರೆ ಮಾತ್ರೇಲಿ ಏನೈತ್ರೀ? ವಿಷ ಕೊಡ್ತಿದೀರೇನು ನಮ್ಮ ಮಕ್ಕಳಿಗೆ?"

ಅದೇ ವಾರ ಶಾಲೆಯಲ್ಲಿ ಪೋಷಕರ ಸಭೆ ಸೇರಿತು. ಅಧ್ಯಕ್ಷನೇ ಮೊದಲ ಸಹಿ ಹಾಕಿದ ಮೇಲೆ ದೂರಿಗೆ ಊರೇ ಸಹಿ ಹಾಕಿತು. ಮಾತ್ರೆ ನಿಂತಿತು. ಕೆಲವರು ಹಾಲನ್ನೂ ಬೇಡವೆಂದರು. ವಿಚಾರಣೆ ಮುಗಿಯುವವರೆಗೆ ಶೃತಿ ಮಿಸ್ಸನ್ನು ಸೊರಬ ತಾಲ್ಲೂಕಿನ ಕ್ಯಾಸನೂರಿನಾಚೆಯ ಒಂದು ಶಾಲೆಗೆ ಕಳಿಸುವುದೆಂದಾಯಿತು.

ಹೋಗುವ ಮುಂಚೆ ಮಿಸ್ಸು ಮನೆಗೆ ಬಂದರು. ನಾಗರಾಜನಿಲ್ಲದ ಹೊತ್ತು. ವಾಣಿಶ್ರೀ ಚಹಾ ತಂದುಕೊಟ್ಟಳು.

"ನಾನು ಯಾರನ್ನೂ ದೂರೋಕೆ ಬಂದಿಲ್ಲಮ್ಮ," ಎಂದರು ಮಿಸ್ಸು, ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. "ನಿಮ್ಮ ಮಗಳಿಗೆ ಮಾತ್ರೆ ಬೇಕೇ ಬೇಕು. ಬಿಡಿಸಬೇಡಿ. ಆದ್ರೆ ಒಂದು ಮಾತು ಕೇಳ್ತೀನಿ. ಅವತ್ತು ಅವಳು ನಿಜವಾಗ್ಲೂ ತಿಂದಿದ್ಲಾ?"

ಒಳಗಿನಿಂದ ಅಕ್ಕನಾಗಮ್ಮನವರ ಧ್ವನಿ ಬಂತು. "ಟೀಚರಮ್ಮ, ಈ ಮನೇಲಿ ಮಕ್ಕಳಿಗೆ ಹೊಟ್ಟೆಗೆ ಹಾಕಲ್ಲ ಅಂತ ಊರಲ್ಲಿ ಸಾರ್ಕೊಂಡು ಬರ್ತೀರೇನು? ಬರ್ರಿ, ಕಾಳಿನ ಚೀಲ ತೋರಿಸ್ತೀನಿ, ಲೆಕ್ಕ ಮಾಡ್ಕೊಂಡು ಹೋಗ್ರಿ."

ವಾಣಿಶ್ರೀ ಒಳಬಾಗಿಲ ಕಡೆಗೇ ನೋಡುತ್ತಿದ್ದುದನ್ನು ಮಿಸ್ಸು ಕಂಡರು. ಆಮೇಲೆ ಅರ್ಧ ಕುಡಿದ ಲೋಟವನ್ನು ಕಟ್ಟೆಯ ಮೇಲಿಟ್ಟು, ಚೀಲದಿಂದ ಮಾತ್ರೆಯ ಒಂದು ಪಟ್ಟಿ ತೆಗೆದು ಅವಳ ಕೈಗಿತ್ತು, ಎದ್ದು ಹೋದರು.

ಮರುದಿನ ಮಂಗಳವಾರ. ಮಗಳಿಗೆ ಹೊಟ್ಟೆ ತುಂಬ ಉಣಿಸಿ, ವಾಣಿಶ್ರೀ ಅಡುಗೆಮನೆಯ ಬಾಗಿಲು ಮುಂದೆ ಮಾಡಿ ಮಾತ್ರೆ ಕೊಟ್ಟಳು. ಸ್ಪಂದನ ಅದನ್ನು ಕೈಯಲ್ಲಿ ಹಿಡಿದು ನೋಡಿ ಒಲೆಯ ಬೂದಿಗೆ ಎಸೆದಳು.

"ಯಾಕೇ?"

"ಅದು ವಿಷ ಅಂತ ಅಪ್ಪಾನೇ ಎಲ್ಲರ ಮುಂದೆ ಹೇಳಿದ್ರಲ್ಲ."

"ವಿಷ ಅಲ್ವೇ. ಅವತ್ತು ನೀನು ಏನೂ ತಿಂದಿರಲಿಲ್ಲ, ಅದಕ್ಕೇ..."

"ಅದಕ್ಕೇ ಅಂತ ಆಸ್ಪತ್ರೇಲಿ ಯಾರೂ ಹೇಳ್ಲಿಲ್ಲ."

ಆಡಿದ್ದು ಸುಳ್ಳೆಂದು ಬಲ್ಲ ಹುಡುಗಿಯೇ ಆ ಸುಳ್ಳಿನಿಂದ ಹುಟ್ಟಿದ ಭಯವನ್ನು ನಂಬಿಬಿಟ್ಟಿದ್ದಳು. ವಾಣಿಶ್ರೀ ಉಳಿದ ಮಾತ್ರೆಗಳನ್ನು ಸಾಸಿವೆ ಡಬ್ಬಿಯ ಹಿಂದೆ ಇಟ್ಟಳು.

ಶ್ರಾವಣ ಮುಗಿದು ಭಾದ್ರಪದ ಬಂತು. ಸ್ಪಂದನಳ ತುಟಿಯ ಬಣ್ಣ ಹೋಯಿತು. ತಿಂಗಳ ಮುಟ್ಟು ನಿಲ್ಲಬೇಕಾದಾಗ ನಿಲ್ಲಲಿಲ್ಲ. ಕೊಡ ನೀರು ಎತ್ತಿ ಮೆಟ್ಟಿಲು ಹತ್ತಿದರೆ ನಾಯಿಯ ಹಾಗೆ ಏದುಸಿರು. ಮೊರದಲ್ಲಿ ಕೇರಲು ಇಟ್ಟ ಅಕ್ಕಿಯನ್ನು ಹಿಡಿಹಿಡಿಯಾಗಿ ಹಸಿಯಾಗಿಯೇ ತಿನ್ನುವ ಚಟವೊಂದು ಅಂಟಿಕೊಂಡಿತು. ಶಾಲೆಯ ಚೀಲ ಒಗೆಯಲು ತೆಗೆದರೆ ತಳದಲ್ಲಿ ಕಡಿದು ಉಳಿದ ಬಳಪದ ಚೂರುಗಳು.

"ಹಸಿ ಅಕ್ಕಿ ಮುಕ್ಕಬೇಡ್ವೇ, ನಿನ್ನ ಮದುವೇಲಿ ಮಳೆ ಸುರೀತೈತೆ!" ಎಂದು ಅಕ್ಕನಾಗಮ್ಮನವರು ನಗುತ್ತಾ ಗದರಿಸುತ್ತಿದ್ದರು. ಅವರು ನಗಲು ಕಾರಣವೂ ಇತ್ತು. ಯಜಮಾನರು ಮಗನ ಹೆಗಲು ಹಿಡಿದು ಎದ್ದು ನಿಲ್ಲುವಷ್ಟಾಗಿದ್ದರು. "ನೋಡಿದ್ಯಾ ಸೊರಬದೋಳೇ, ಸೋಮವಾರ ಸುಮ್ನೆ ಹೋಗಿಲ್ಲ."

ಮಾತಿಲ್ಲದ ಮಲ್ಲಿಕಾರ್ಜುನಪ್ಪನವರಿಗೆ ಕಣ್ಣಿತ್ತು. ಮಂಚದ ಮೇಲಿಂದ ಅವರು ಮೊಮ್ಮಗಳನ್ನು ದಿನವಿಡೀ ನೋಡುತ್ತಿದ್ದರು. ಒಂದು ಸೋಮವಾರ ಮಧ್ಯಾಹ್ನ, ಮಹಾಲಯದ ರಜೆಯ ದಿನ, ವಾಣಿಶ್ರೀ ಅವರಿಗೆ ಮೆತ್ತಗೆ ಕಿವುಚಿದ ಅನ್ನದ ತುತ್ತು ಹಿಡಿದಾಗ ಅವರು ಬಾಯಿ ಬಿಡಲಿಲ್ಲ. ನೆಲದ ಮೇಲೆ ಮುದುಡಿ ಮಲಗಿದ್ದ ಸ್ಪಂದನಳ ಕಡೆ ಎಡಗೈ ಚಾಚಿದರು. ಬಟ್ಟಲನ್ನು ಆ ಕಡೆಗೆ ತಳ್ಳಿದರು. ಅನ್ನ ಹಾಸಿಗೆಯ ಮೇಲೆ ಚೆಲ್ಲಿತು. ಸಂಜೆಯವರೆಗೂ ಅವರು ಹಲ್ಲು ಸಡಿಲಿಸಲಿಲ್ಲ.

"ಅವಳು ಉಣ್ಣಲಿ, ಆಮೇಲೆ ನಾನು ಉಣ್ತೀನಿ ಅಂತಿದಾರೆ ಮಾವ," ಎಂದಳು ವಾಣಿಶ್ರೀ.

ಅಕ್ಕನಾಗಮ್ಮನವರು ಅದಕ್ಕೆ ಬೇರೆಯೇ ಅರ್ಥ ಹಚ್ಚಿದರು. "ಉಣ್ಣೋ ಮನುಷ್ಯ ಸೋಮವಾರವೇ ಯಾಕೆ ಬಾಯಿ ಕಟ್ಟಿದ್ರು? ಎಲ್ಲೋ ಹರಕೆ ಕೆಟ್ಟೈತೆ." ಮೊಮ್ಮಗಳ ರಟ್ಟೆ ಹಿಡಿದು ಎಬ್ಬಿಸಿದರು. "ನಿಜ ಹೇಳು, ಉಪವಾಸದ ದಿನ ಏನಾದ್ರೂ ಬಾಯಿಗೆ ಹಾಕ್ಕೊಂಡಿದ್ಯಾ?"

"ಇಲ್ಲ ಅಜ್ಜಿ."

"ಈಶ್ವರನ ಮೇಲೆ ಆಣೆ ಇಡು."

ಹುಡುಗಿ ಮೂಲೆಯ ಮೊರದ ಕಡೆ ನೋಡಿದಳು. "ಹೋದ ವಾರ... ಒಂದು ಹಿಡಿ ಅಕ್ಕಿ."

ಪಟೀರೆಂದು ಏಟು ಬಿತ್ತು. ಸ್ಪಂದನ ಕೆನ್ನೆ ಮುಟ್ಟಿಕೊಳ್ಳದೆ ನಿಂತಳು. ಮಂಚದ ಮೇಲಿನಿಂದ ಮನುಷ್ಯರದೆಂದು ಹೇಳಲಾಗದ ಒಂದು ಸದ್ದು ಬಂತು. ಅಜ್ಜ ಕೂಗಲು ಹೊರಟಿದ್ದರು.

ನಾಗರಾಜ ಗದ್ದೆಯಿಂದ ಬಂದು ಕೈಕಾಲು ತೊಳೆಯುತ್ತಿದ್ದಾಗಲೇ ವಾಣಿಶ್ರೀ ಬಚ್ಚಲ ಬಾಗಿಲಿಗೆ ಅಡ್ಡ ನಿಂತಳು. "ಒಂದು ಮಾತು ಹೇಳ್ಬೇಕ್ರೀ. ಅವತ್ತು ಆಸ್ಪತ್ರೇಲಿ ಅತ್ತೆ ಹೇಳಿದ್ದು ಸುಳ್ಳು. ಅವಳು ಉಪವಾಸ ಇದ್ಲು."

"ಗೊತ್ತು."

"ಗೊತ್ತಾ?"

"ಸೋಮವಾರ ಅಂತ ಗೊತ್ತಿರ್ಲಿಲ್ವೇನೇ ನಂಗೆ? ವರಾಂಡದಲ್ಲಿ ಬಾಯಿ ಮಾಡಿ ಮುಗಿಸಿದ್ಮೇಲೆ ಹೊಳೀತು." ಅವನು ಟವೆಲಿನಲ್ಲಿ ಮುಖವನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒರೆಸಿಕೊಂಡ. "ಅಷ್ಟೊತ್ತಿಗೆ ಊರೆಲ್ಲ ನನ್ನ ಬೆನ್ನ ಹಿಂದೆ ನಿಂತಿತ್ತು. ಈಗ ಹೋಗಿ ಏನಂತ ಹೇಳ್ಲಿ? ನಮ್ಮವ್ವ ಸುಳ್ಳಿ ಅಂತಾನಾ?"

"ಆ ಮಿಸ್ಸು?"

"ಸಂಬಳ ಬರ್ತೈತೆ ಅವರಿಗೆ. ಎಲ್ಲಿದ್ರೇನು?"

"ನಿಮ್ಮ ಮಗಳು?"

ನಾಗರಾಜ ಟವೆಲನ್ನು ಹೆಗಲಿಗೆ ಹಾಕಿಕೊಂಡು ಅವಳ ಪಕ್ಕದಿಂದ ದಾಟಿಹೋದ.

ಆ ವಾರ ತಾಲ್ಲೂಕಿನಿಂದ ಆರೋಗ್ಯ ಅಧಿಕಾರಿಯೊಬ್ಬರು ಶಾಲೆಗೆ ಬಂದು ಪೋಷಕರನ್ನು ಕೂಡಿಸಿದರು. ಮಾತ್ರೆಯಿಂದ ತೊಂದರೆಯಿಲ್ಲ, ಹೊಟ್ಟೆಗೆ ತಿಂದು ನುಂಗಿದರೆ ಸಾಕು, ಮತ್ತೆ ಆರಂಭಿಸೋಣ ಎಂದು ತಾಳ್ಮೆಯಿಂದ ಹೇಳಿದರು. ಅವರ ಪಕ್ಕದ ಕುರ್ಚಿಯಲ್ಲಿ ನಾಗರಾಜ ಕುಳಿತಿದ್ದ.

"ತಿಂದ ಹುಡುಗೀನೇ ಬಿದ್ದಾಳಲ್ರೀ ಸಾಹೇಬ್ರೇ," ಎಂದ ಮುಂದಿನ ಸಾಲಿನ ಗೋಪಾಲಪ್ಪ. "ಅಧ್ಯಕ್ಷರ ಮಗಳೇ ಸಾಕ್ಷಿ."

ಹಿಂದೆ ಹೆಂಗಸರ ನಡುವಿನಿಂದ ವಾಣಿಶ್ರೀ ಎದ್ದು ನಿಂತಳು. ಎದ್ದು ನಿಂತದ್ದು ಅವಳಿಗೇ ತಿಳಿಯಲಿಲ್ಲ. ಎಲ್ಲರೂ ತಿರುಗಿ ನೋಡಿದಾಗ ತಿಳಿಯಿತು.

"ನನ್ನ ಮಗಳು ಅವತ್ತು ತಿಂದಿರಲಿಲ್ಲ. ಬೆಳಿಗ್ಗೇನೂ ಇಲ್ಲ, ಮಧ್ಯಾಹ್ನಾನೂ ಇಲ್ಲ. ಅವಳ ಅಜ್ಜನ ಹರಕೆಗೆ ಸೋಮವಾರ ಹಿಡಿದಿದ್ಲು. ಮಾತ್ರೆ ತಪ್ಪಲ್ಲ. ಮಿಸ್ಸಿನ ತಪ್ಪೂ ಅಲ್ಲ."

ಎಲ್ಲರೂ ಅಧ್ಯಕ್ಷನ ಮುಖ ನೋಡಿದರು. ಆಮೇಲೆ ಗೋಪಾಲಪ್ಪ ನಕ್ಕ. "ಏನ್ ಅಧ್ಯಕ್ಷರೇ, ಮನೇಲೇ ಎರಡು ಪಾರ್ಟಿ ಆದವಲ್ಲ!" ಸಭೆಗೆ ಸಭೆಯೇ ನಕ್ಕಿತು. "ಅತ್ತೆ ಮೇಲಿನ ಸಿಟ್ಟು, ಇಲ್ಲಿ ಬಂದು ತೀರಿಸ್ಕಂತಾಳೆ," ಎಂದು ಹಿಂದಿನ ಹೆಂಗಸೊಬ್ಬಳು ಪಕ್ಕದವಳಿಗೆ ಹೇಳಿದ್ದು ಪಿಸುಮಾತಾಗಿರಲಿಲ್ಲ.

ಅಧಿಕಾರಿಗಳು ಕೈಯೆತ್ತಿ ಸುಮ್ಮನಾಗಿಸಿದರು. "ಹುಡುಗೀನೇ ಕರೆಸಿ. ಅವಳೇ ಹೇಳಲಿ."

ಸ್ಪಂದನ ಬಂದು ಮೇಜಿನ ಅಂಚು ಹಿಡಿದು ನಿಂತಳು.

"ಹೆದರಬೇಡಮ್ಮ. ನೀನು ಬಿದ್ದ ದಿನ ಬೆಳಿಗ್ಗೆ ಏನು ತಿಂದಿದ್ದೆ?"

ಅವಳು ತಂದೆಯನ್ನು ನೋಡಿದಳು. ನಾಗರಾಜ ಮೇಜಿನ ಮೇಲಿದ್ದ ನೀರಿನ ಬಾಟಲಿಯ ಮುಚ್ಚಳವನ್ನು ತಿರುಗಿಸುತ್ತಾ ಅದನ್ನೇ ನೋಡುತ್ತಿದ್ದ. ಅವಳು ತಾಯಿಯನ್ನು ನೋಡಿದಳು. ಹೇಳು, ಎಂದು ವಾಣಿಶ್ರೀ ತಲೆಯಾಡಿಸಿದಳು.

"ರೊಟ್ಟಿ," ಎಂದಳು ಸ್ಪಂದನ.

"ಜೊತೆಗೆ?"

"ಹೆಸರುಕಾಳಿನ ಪಲ್ಯ. ಅಜ್ಜಿ ಬಡಿಸಿದ್ರು."

ಅಲ್ಲಿಗೆ ಸಭೆ ಮುಗಿಯಿತು. ಮಾತ್ರೆಯ ಪೆಟ್ಟಿಗೆಗಳನ್ನು ಬಂದ ಜೀಪಿನಲ್ಲೇ ಹಿಂದಕ್ಕೆ ಹಾಕಿಕೊಂಡು ಹೋದರು.

ತಾಯಿ ಮಗಳು ಮನೆಯ ದಾರಿ ಹಿಡಿದರು. ಕಾಲುವೆಯ ಸೇತುವೆಯ ಹತ್ತಿರ ಉಸಿರು ಸಾಲದೆ ಸ್ಪಂದನ ಕಟ್ಟೆಯ ಮೇಲೆ ಕುಳಿತಳು.

"ಯಾಕೆ ಹಂಗಂದೆ ಮಗಳೇ?"

"ಹರಕೆ ಹೊರಗೆ ಹೇಳಿದ್ರೆ ಅಜ್ಜಗೆ ಏನಾದ್ರೂ ಆಗುತ್ತಲ್ಲ." ಸ್ವಲ್ಪ ಉಸಿರು ತೆಗೆದುಕೊಂಡು ಮತ್ತೆ ಹೇಳಿದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ಆಸ್ಪತ್ರೇಲಿ ಕೇಳ್ದಾಗ ನೀನೂ ಸುಮ್ನಿದ್ದೆ. ಹಂಗೇ ಮಾಡ್ಬೇಕು ಅನ್ಕೊಂಡೆ."

ವಾಣಿಶ್ರೀ ಮಗಳ ಪಕ್ಕದಲ್ಲಿ ಕುಳಿತಳು.

ಸುದ್ದಿ ಅವರಿಗಿಂತ ಮೊದಲೇ ಮನೆ ಸೇರಿತ್ತು. ಅಕ್ಕನಾಗಮ್ಮನವರು ಬಾಗಿಲಲ್ಲಿ ನಿಂತಿದ್ದರು. ಬೈಯಲಿಲ್ಲ. "ಗುಡೀಲಿ ಕಟ್ಟಿದ್ದನ್ನ ಸ್ಕೂಲಲ್ಲಿ ಬಿಚ್ಚಿ ಬಂದ್ಯಾ?" ಎಂದು ಕೇಳಿ, ಒಳಗೆ ಹೋಗಿ ಗಂಡನ ಕಾಲ ಬಳಿ ಕುಳಿತು, ಸತ್ತುಬಿದ್ದ ಕಾಲಿಗೆ ಎಣ್ಣೆ ತಿಕ್ಕತೊಡಗಿದರು. ಅವರ ಕಣ್ಣಿಂದ ನೀರು ಹರಿಯುತ್ತಿತ್ತು. ಆ ಮನೆಯಲ್ಲಿ ಹದಿನಾರು ವರ್ಷದಲ್ಲಿ ವಾಣಿಶ್ರೀ ಅತ್ತೆ ಅಳುವುದನ್ನು ಕಂಡದ್ದು ಅದೇ ಮೊದಲು.

ಊಟ ಬಡಿಸುವಾಗ ಅವಳು ಗಂಡನಿಗೆ ಹೇಳಿದಳು, "ನಾಳೆ ಸೊರಬಕ್ಕೆ ಹೋಗ್ತೀನಿ. ಅವಳನ್ನೂ ಕರ್ಕೊಂಡು."

"ಅಪ್ಪಗೆ ಉಣಿಸೋರು ಯಾರು?"

"ನೀವು."

ಸೊರಬದ ತವರಿನಲ್ಲಿ ಅವಳ ತಾಯಿ ಶಕುಂತಲಮ್ಮ ಒಬ್ಬರೇ ಹೈನು ಮಾಡಿಕೊಂಡಿದ್ದರು. ಮೊಮ್ಮಗಳ ಮುಖ ಕಂಡವರೇ, "ಎಂತ ಮಾಡಿ ಇಟ್ಟಿದ್ದೀರೇ ಮಾರಾಯ್ತಿ ಈ ಹುಡುಗಿಯನ್ನ!" ಎಂದು ಅಂಗಳದಲ್ಲೇ ಕೂಗಿದರು. ಮರುದಿನ ಆಸ್ಪತ್ರೆಯಲ್ಲಿ ರಕ್ತ ಏರಿಸಿದರು. ಇನ್ನೂ ಕೆಲವು ತಿಂಗಳು ಮಾತ್ರೆ ತಪ್ಪಿಸಬಾರದು, ಒಂದು ಹೊತ್ತೂ ಹಸಿದಿರಬಾರದು, ಹೀಗೇ ಬಿಟ್ಟರೆ ಹೃದಯಕ್ಕೆ ತೊಂದರೆ ಎಂದರು. ಸ್ಪಂದನ ಎರಡು ದಿನ ಅಜ್ಜಿ ಕೊಟ್ಟದ್ದನ್ನೆಲ್ಲ ಉಂಡಳು. ಮಾತ್ರೆಯನ್ನೂ ಕಣ್ಣು ಮುಚ್ಚಿ ನುಂಗಿದಳು. ವಾಣಿಶ್ರೀಗೆ ಹಗುರವೆನಿಸಿತು.

ಆಗ ನಾಗರಾಜನ ಫೋನು ಬಂತು. ಅವನದು ಗದ್ದೆಯಿಂದ ಗದ್ದೆಗೆ ಕೂಗಿ ರೂಢಿಯಾದ ಗಂಟಲು. ಮಾತು ಜಗಲಿಯ ತುದಿಯಲ್ಲಿ ಕುಳಿತಿದ್ದ ಸ್ಪಂದನಳಿಗೂ ಕೇಳಿಸಿತು. "ಅವ್ವ ಉಪವಾಸ ಕೂತೈತೆ ವಾಣಿ. ಹುಡುಗಿ ಮುರಿದಿದ್ದನ್ನ ನಾನೇ ಹೊರ್ತೀನಿ ಅಂತ. ಸೋಮವಾರ ಕಣ್ಣು ಕತ್ತಲೆ ಬಂದು ಬಿದ್ದಿತ್ತು. ನನ್ನ ಮಾತು ಕೇಳಲ್ಲ. ಬಾ ನೀನು."

ಬರುವುದಿಲ್ಲವೆಂದು ಹೇಳಬೇಕೆಂದುಕೊಂಡಳು. ಪಡಸಾಲೆಯಲ್ಲಿ ಮಾತಿಲ್ಲದ ಮಾವ, ಹೊಸ್ತಿಲಲ್ಲಿ ಕುಸಿದ ಅತ್ತೆ ಕಣ್ಣಿಗೆ ಕಟ್ಟಿದರು. ಚೀಲ ತುಂಬಿಕೊಂಡಳು.

"ನೀನು ಹೋಗು, ಎಂತಕ್ಕೂ ಹೆದರಬೇಡ. ನಾನು ಉಣಿಸ್ತೇನೆ," ಎಂದರು ಶಕುಂತಲಮ್ಮ.

ಬಸ್ ನಿಲ್ದಾಣದವರೆಗೆ ಬಂದ ಸ್ಪಂದನ ಕೇಳಿದಳು, "ನನ್ನ ಬದಲು ಅಜ್ಜಿ ಮಾಡ್ತಿದಾರಾ?"

"ಅದೆಲ್ಲ ನಿನಗ್ಯಾಕೆ? ನೀನು ಉಂಡ್ಕೊಂಡು ಇರು."

"ಅಜ್ಜಿಗೆ ಸಕ್ಕರೆ ಕಾಯಿಲೆ ಅಲ್ವಾ ಅಮ್ಮ?"

ಬಸ್ಸು ಬಂತು.

ಮುಂದಿನ ಸೋಮವಾರ ಅಕ್ಕನಾಗಮ್ಮನವರು ದೇವರ ಗೂಡಿನ ಮುಂದೆ ಮಣೆಯ ಮೇಲೆ ಕುಳಿತಿದ್ದರು. ಹಣೆಯ ವಿಭೂತಿ ಬೆವರಿಗೆ ಕರಗುತ್ತಿತ್ತು. ವಾಣಿಶ್ರೀ ಬೆಲ್ಲದ ನೀರಿನ ಲೋಟ ಹಿಡಿದು ಮುಂದೆ ಕುಳಿತಳು.

"ಒಂದು ಗುಟುಕು ಕುಡೀರಿ ಅತ್ತೆ."

"ಅವಳು ಬಂದು ಹಿಡೀಲಿ, ಕುಡೀತೀನಿ."

"ಅವಳು ಬರಲ್ಲ."

"ಹಂಗಾದ್ರೆ ಇದೂ ಇಳಿಯಲ್ಲ." ಮುದುಕಿ ಮುಖ ತಿರುಗಿಸಿದರು. ಆಮೇಲೆ ಮೆಲ್ಲಗೆ, ಯಾರಿಗೂ ಹೇಳದ ಹಾಗೆ ಹೇಳಿಕೊಂಡರು, "ಹಸಿವು ಹಿಂಗಿರ್ತೈತಾ... ಆ ಕೂಸು ಒಂದು ದಿನಾನೂ ಹೇಳ್ಲಿಲ್ಲ."

ವಾಣಿಶ್ರೀ ಲೋಟವನ್ನು ಅಲ್ಲಿಯೇ ಇಟ್ಟು, ಹಿತ್ತಿಲಿಗೆ ಹೋಗಿ ಸೊರಬಕ್ಕೆ ಫೋನು ಮಾಡಿದಳು.

"ನಾನು ಡೈರಿಗೆ ಹಾಲು ಹಾಕಲಿಕ್ಕೆ ಹೋಗಿದ್ದೆ," ಎಂದರು ಶಕುಂತಲಮ್ಮ. "ಬರುವಾಗ ತಟ್ಟೆ ತೊಳೆದು ಬೋರಲು ಹಾಕಿದ್ದಳು. ಉಂಡಿರಬೇಕು. ತಡಿ, ಕೊಡ್ತೇನೆ."

"ಉಂಡ್ಯಾ ಮಗಳೇ?"

"ಉಂಡೆ ಅಮ್ಮ."

"ಏನು ಉಂಡೆ?"

ಆ ಕಡೆ ಫೋನು ಒಂದು ಕೈಯಿಂದ ಇನ್ನೊಂದು ಕೈಗೆ ಹೋದ ಸದ್ದಾಯಿತು.

"ರೊಟ್ಟಿ."

ವಾಣಿಶ್ರೀ ಇನ್ನೇನೂ ಕೇಳಲಿಲ್ಲ. ಕೇಳಿದರೆ ಬರುವ ಉತ್ತರವನ್ನು ತೂಗಿ ನೋಡುವ ತಕ್ಕಡಿ ಅವಳ ಬಳಿ ಉಳಿದಿರಲಿಲ್ಲ. ಒಳಗೆ ಅತ್ತೆ ಮಣೆಯಿಂದ ಒಂದು ಪಕ್ಕಕ್ಕೆ ವಾಲಿದ ಸದ್ದಾಯಿತು. ಅವಳು ಒಳಕ್ಕೆ ಓಡಿದಳು.

ಸ್ಪಂದನ ಆ ಸೋಮವಾರ ಉಂಡಳೋ ಇಲ್ಲವೋ ಎಂಬುದು ಈ ಕಥೆ ಹೇಳುವವನಿಗೂ ತಿಳಿದಿಲ್ಲ. ಉಂಡಳೆಂದು ಬರೆದುಬಿಡುವುದು ಸುಲಭವಿತ್ತು; ವಾಚಕರು ಕ್ಷಮಿಸಬೇಕು, ಆ ಹುಡುಗಿಯ ಬಗ್ಗೆ ಹಾಗೆ ಬರೆದುಕೊಂಡವರು ಈಗಾಗಲೇ ಇದ್ದಾರೆ. ಆದ್ದರಿಂದ ಹೇಳುವವನು ತಾನೇ ಕಣ್ಣಾರೆ ನೋಡಿಬರಲೆಂದು ಹೊದಿಕೆಯನ್ನು ಮಡಿಸಿ, ಎರಡು ಅಂಗಿಗಳನ್ನೂ ಪಂಚೆಯನ್ನೂ ಚೀಲಕ್ಕೆ ತುರುಕಿ, ಈ ಊರಿನಲ್ಲಿ ತನಗೆ ಮಲಗಲು ಜಾಗ ಕೊಟ್ಟವರಿಗೆ ಹೇಳಿ ಹೊರಟಿದ್ದಾನೆ. ಸೊರಬದ ಬಸ್ಸು ತಿರುವಿನಲ್ಲಿ ಕಾಣಿಸುತ್ತಿದೆ. ಇವತ್ತು ಭಾನುವಾರ. ನಾಳೆ ಬೆಳಿಗ್ಗೆ ಶಕುಂತಲಮ್ಮನವರು ಹಾಲಿನ ಕ್ಯಾನು ಹಿಡಿದು ಡೈರಿಗೆ ಹೋಗುವ ಹೊತ್ತಿಗೆ ಅವರ ಜಗಲಿಯನ್ನು ಮುಟ್ಟಬೇಕು.